ರಾಸಾಯನಿಕ ನಿಲ್ಲಿಸಿದರೆ ದ್ರಾಕ್ಷಿ ತೋಟ ಸಾವಯವ ಆಗಿಬಿಡುತ್ತದೆಯೇ? ಆಲ್ಬರ್ಟ್ ಹೋವರ್ಡ್ ಬದುಕಿನಲ್ಲಿದೆ ಉತ್ತರ

ಗೊಬ್ಬರದ ಚೀಲ, ಔಷಧದ ಡಬ್ಬ ಎಸೆದು ಸಗಣಿ ಗೊಬ್ಬರ ಹಾಕಿದರೆ ಸಾಕು, ದ್ರಾಕ್ಷಿಗೆ ರೋಗವೇ ಬರುವುದಿಲ್ಲ ಎಂಬ ಸಂದೇಶಗಳು ಮೊಬೈಲಿನಲ್ಲಿ ಹರಿದಾಡುತ್ತಿರುತ್ತವೆ. ಇದು ಎಷ್ಟು ನಿಜ? ಸಾವಯವ ಕೃಷಿಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಸರ್ ಆಲ್ಬರ್ಟ್ ಹೋವರ್ಡ್ ಅವರ ಬದುಕನ್ನು ನೋಡಿದರೆ ಉತ್ತರ ಸಿಗುತ್ತದೆ.

ಹೋವರ್ಡ್ ಹುಟ್ಟಿದ್ದು 1873ರಲ್ಲಿ, ಇಂಗ್ಲೆಂಡಿನ ರೈತ ಕುಟುಂಬದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ, ವೆಸ್ಟ್ ಇಂಡೀಸ್‌ನಲ್ಲಿ ಬೆಳೆಗಳ ಶಿಲೀಂಧ್ರ ರೋಗಗಳ ತಜ್ಞರಾದರು. ಆದರೆ ತಮ್ಮ ಸಲಹೆಯನ್ನು ಪರೀಕ್ಷಿಸಲು ಸ್ವಂತ ಹೊಲವೇ ಇಲ್ಲ ಎಂಬ ಕೊರಗು ಅವರನ್ನು ಕಾಡಿತು. 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದಾಗ ಆ ಹೊಲ ಸಿಕ್ಕಿತು. ಪತ್ನಿ ಗೇಬ್ರಿಯೆಲ್ ಕೂಡ ಸಸ್ಯವಿಜ್ಞಾನಿ. ಇಬ್ಬರೂ ಜೊತೆಯಾಗಿ ಸಂಶೋಧನೆ ಮಾಡಿದರು. ಔಷಧ ಸಿಂಪಡಿಸದ ಸುತ್ತಲಿನ ರೈತರ ಬೆಳೆಗಳು ಆರೋಗ್ಯವಾಗಿದ್ದುದನ್ನು ಕಂಡ ಹೋವರ್ಡ್, ಆ ರೈತರನ್ನೇ ಗುರುಗಳೆಂದು ಭಾವಿಸಿದರು.

1910ರ ದಶಕದ ಬೇಸಿಗೆಗಳಲ್ಲಿ ಅವರು ಬಲೂಚಿಸ್ತಾನದ ಕ್ವೆಟ್ಟಾದಲ್ಲಿ ಹಣ್ಣಿನ ಬೆಳೆಗಳ ಮೇಲೆ ಕೆಲಸ ಮಾಡಿದರು. ಅಲ್ಲಿನ ಜನ ಆಳವಾದ ಕಾಲುವೆ ತೋಡಿ, ಅದರೊಳಗೆ ದ್ರಾಕ್ಷಿ ಬಳ್ಳಿ ನೆಟ್ಟು, ಕೊಟ್ಟಿಗೆ ಗೊಬ್ಬರ ಹಾಕಿ ನೀರುಣಿಸುತ್ತಿದ್ದರು. ಔಷಧವಿಲ್ಲದಿದ್ದರೂ ಬಳ್ಳಿಗಳು ಸೊಂಪಾಗಿದ್ದವು. ಮಣ್ಣು ಆರೋಗ್ಯವಾಗಿದ್ದರೆ ಗಿಡವೂ ಆರೋಗ್ಯ, ರೋಗ ಎಂದರೆ ಬೇಸಾಯ ತಪ್ಪಿದ್ದರ ಸೂಚನೆ ಎಂಬ ಅವರ ನಂಬಿಕೆ ಬಲವಾಯಿತು.

ಇಲ್ಲಿ ನಾವು ಒಂದು ಅಂಶ ಮರೆಯಬಾರದು. ಕ್ವೆಟ್ಟಾದ ಬೇಸಿಗೆ ಒಣ ಹವೆಯದು. ದ್ರಾಕ್ಷಿಯ ಡೌನಿ ರೋಗದ ರೋಗಾಣುವಿಗೆ ಎಲೆ ಒದ್ದೆಯಾಗಿರಬೇಕು. ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಮಣ್ಣಿಗೇ ಕೊಡಲಾಗದು. ಅಕ್ಟೋಬರ್ ಚಾಟ್ನಿ ಮುಗಿಸಿದ ಮೇಲೆ ಮಳೆ ಹಿಡಿದರೆ ಏನಾಗುತ್ತದೆ ಎಂದು ವಿಜಯಪುರದ ಬೆಳೆಗಾರರನ್ನು ಕೇಳಿ ನೋಡಿ!

1924ರಲ್ಲಿ ಹೋವರ್ಡ್ ಇಂದೋರ್‌ಗೆ ಹೋದರು. ಬೆಳೆ ತ್ಯಾಜ್ಯ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ ಇವುಗಳನ್ನು ಪದರ ಪದರವಾಗಿ ಹಾಕಿ, ತೇವ ಕಾಪಾಡಿ, ಗಾಳಿಯಾಡಲು ಮಗುಚಿ, ಸುಮಾರು ಮೂರು ತಿಂಗಳಲ್ಲಿ ಕಾಂಪೋಸ್ಟ್ ಮಾಡುವ ಇಂದೋರ್ ವಿಧಾನ ಅಲ್ಲೇ ರೂಪುಗೊಂಡಿತು. ಅವರ ಜೊತೆಗಿದ್ದವರು ಯಶವಂತ ವಾಡ್. 1931ರಲ್ಲಿ ಇಬ್ಬರೂ ಸೇರಿ ಈ ಬಗ್ಗೆ ಪುಸ್ತಕ ಪ್ರಕಟಿಸಿದರು. ಇಂಥ ಗೊಬ್ಬರದಿಂದ ಮಣ್ಣು ಸಡಿಲವಾಗಿ ನೀರು ಹಿಡಿದಿಡುತ್ತದೆ. ಬೇರಿಗೆ ಪೋಷಕಾಂಶ ತಂದುಕೊಡುವ ಶಿಲೀಂಧ್ರಗಳಿಗೂ ಅನುಕೂಲವಾಗುತ್ತದೆ. ಈ ಬೇರು-ಶಿಲೀಂಧ್ರ ನಂಟಿಗೆ ಹೋವರ್ಡ್ ಬಹಳ ಮಹತ್ವ ಕೊಟ್ಟರು. ಇಂಗ್ಲೆಂಡಿಗೆ ಮರಳಿದ ಮೇಲೂ ಅದನ್ನೇ ಸಾರುತ್ತಾ 1947ರಲ್ಲಿ ತೀರಿಕೊಂಡರು.

ಹಾಗಾದರೆ ಆ ಸಂದೇಶ? ಅರ್ಧ ಸತ್ಯ. ಹೋವರ್ಡ್ ಹೇಳಿದ್ದು ಬರೀ ರಾಸಾಯನಿಕ ಬಿಡಿ ಎಂದಲ್ಲ, ಮಣ್ಣನ್ನು ಕಟ್ಟಿ ಎಂದು. ಅದಕ್ಕೆ ಸಮಯ ಬೇಕು. ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಪಡೆಯಲು ಸಾಮಾನ್ಯವಾಗಿ ಮೂರು ವರ್ಷಗಳ ಪರಿವರ್ತನೆಯ ಅವಧಿ ಇರುತ್ತದೆ. ಸಾವಯವ ತೋಟಗಳಲ್ಲೂ ಗಂಧಕ, ತಾಮ್ರದ ಸಿಂಪಡಣೆಗೆ ಮಿತಿಯೊಳಗೆ ಅವಕಾಶವಿದೆ.

ಆ ಸಂದೇಶ ನಂಬಿ ಒಂದೇ ದಿನದಲ್ಲಿ ಎಲ್ಲ ನಿಲ್ಲಿಸಿದ ರೈತ ವರ್ಷದ ಫಸಲನ್ನೇ ಕಳೆದುಕೊಳ್ಳಬಹುದು. ಫಾರ್ವರ್ಡ್ ಮಾಡುವ ಮುನ್ನ ಉಳಿದ ಅರ್ಧವನ್ನೂ ಸೇರಿಸಿ ಕಳಿಸಿ.