ಆಂಡರ್ಸನ್ ಮತ್ತು ಎರಡು ಕರಡಿಗಳು

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂದು ನಾವೆಲ್ಲ ಅಂತೀವಿ. ಬಲ್ಲವರನ್ನು ಕೇಳಿದರೆ, ಆ ಗಾದೆಯಲ್ಲಿ ಇದ್ದದ್ದು ಕರಡಿಗೆ, ಅಂದರೆ ಇಷ್ಟಲಿಂಗ ಇಡುವ ಪುಟ್ಟ ಭರಣಿ ಎನ್ನುತ್ತಾರೆ. ಬಾಯಿಂದ ಬಾಯಿಗೆ ಬರುವಾಗ ಒಂದಕ್ಷರ ಉದುರಿ, ಪಾಪದ ಪ್ರಾಣಿಯೊಂದು ಪೂಜೆ ಕೆಡಿಸುವ ಪುಂಡನಾಗಿಬಿಟ್ಟಿತು. ಕರಡಿಯ ವಿಚಾರದಲ್ಲಿ ನಮಗೆ ಗೊತ್ತು ಅಂದುಕೊಂಡದ್ದು ಬಹಳಷ್ಟು ಹೀಗೇ. ಅದರ ಉಗುರನ್ನೂ ಅದರ ಅಕ್ಕರೆಯನ್ನೂ ಒಂದೇ ಆಯುಷ್ಯದಲ್ಲಿ ಕಂಡವನೊಬ್ಬ ನಮ್ಮ ಬೆಂಗಳೂರಿನಲ್ಲೇ ಇದ್ದ. ಆತ ಕೆನೆತ್ ಆಂಡರ್ಸನ್.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದಿನ ಹತ್ತಿರದ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಮನೆತನ. ಆದರೆ ಈ ನೆಲಕ್ಕೆ ಬಂದು ಹಲವು ತಲೆಮಾರು ಕಳೆದಿತ್ತು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಲಾ ಓದಿ ಬಾ ಎಂದು ಎಡಿನ್‌ಬರೋಗೆ ಕಳಿಸಿದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅರ್ಧಕ್ಕೇ ಬಿಟ್ಟು ವಾಪಸು ಬಂದ. ಆಮೇಲೆ ಅಂಚೆ ತಂತಿ ಇಲಾಖೆಯಲ್ಲಿ ಕೆಲಸ, ಅದರ ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ. ವಾರವೆಲ್ಲ ಆಫೀಸು, ರಜೆ ಸಿಕ್ಕಿತೆಂದರೆ ಕಾಡು. ಕನ್ನಡ, ತಮಿಳು ಎರಡೂ ಬರುತ್ತಿದ್ದವು. ಬೈರ ಎಂಬ ಪೂಜಾರಿ, ರಂಗ ಎಂಬ ಬೇಟೆಗಾರ, ಇಂಥವರು ಆತನ ಸಂಗಾತಿಗಳು. ಇವರನ್ನು ಕೂಲಿಯಾಳುಗಳ ಹಾಗೆ ಕಾಣದೆ ಗೆಳೆಯರ ಹಾಗೆ ಕಂಡದ್ದು ಆತನ ಬರವಣಿಗೆಯಲ್ಲಿ ಎದ್ದು ಕಾಣುತ್ತದೆ.

ಆತನ ಕಾಡು ಕರ್ನಾಟಕಕ್ಕೇ ನಿಂತಿರಲಿಲ್ಲ. ಗುಂತಕಲ್ಲಿನಿಂದ ನಂದ್ಯಾಲ ದಾಟಿ ಗುಂಟೂರು, ವಿಜಯವಾಡದ ಕಡೆಗೆ ಹೋಗುವ ರೈಲು ದಾರಿ ನಲ್ಲಮಲ ಬೆಟ್ಟಗಳನ್ನು ಹಾದು ಹೋಗುತ್ತದೆ. ಗಾಜುಲಪಲ್ಲಿ, ಚೆಲಮ, ದಿಗುವಮೆಟ್ಟ ಎಂಬ ಸಣ್ಣ ಸ್ಟೇಷನ್ನುಗಳಲ್ಲಿ ಇಳಿದು ಚೆಂಚು ಜನರ ಜೊತೆ ಆತ ಅಲೆದ. ತೇಜಸ್ವಿಯವರ ಕಾಡಿನ ಕತೆಗಳ ಮಾಲೆಯಲ್ಲಿ ಪೆದ್ದಚೆರುವಿನ ರಾಕ್ಷಸ ಓದಿದವರಿಗೆ ಆ ಸೀಮೆಯ ಗುರುತು ಸಿಕ್ಕಿರುತ್ತದೆ. ಆಂಡರ್ಸನ್ ಕನ್ನಡಿಗರ ಮನೆಮಾತಾಗಿದ್ದರೆ ಅದಕ್ಕೆ ತೇಜಸ್ವಿಯವರೇ ಕಾರಣ.

ಆತನ ಮೊದಲ ಪುಸ್ತಕ 1954ರಲ್ಲಿ ಬಂತು, ಎರಡನೆಯದು 1957ರಲ್ಲಿ. ಹುಲಿ, ಚಿರತೆಗಳ ಕತೆಗಳ ನಡುವೆ ಈ ಎರಡನೆಯ ಪುಸ್ತಕದಲ್ಲಿ ಒಂದು ಕರಡಿಯ ಕತೆ ಇದೆ. ಅದು ನಡೆದದ್ದು ಅರಸೀಕೆರೆಯ ಆಸುಪಾಸಿನ ಬೆಟ್ಟಗಳಲ್ಲಿ, ಆಮೇಲೆ ಚಿಕ್ಕಮಗಳೂರು ದಿಕ್ಕಿನ ಸಖರಾಯಪಟ್ಟಣದ ಕಡೆ.

ಆ ಕತೆಗೆ ಮುಂಚೆ ಕರಡಿಯ ಸ್ವಭಾವ ಸ್ವಲ್ಪ ತಿಳಿಯಬೇಕು. ನಮ್ಮ ಕಡೆಯ ಕರಡಿ ಗೆದ್ದಲು, ಇರುವೆ, ಜೇನು, ಇಪ್ಪೆ ಹೂ, ಅತ್ತಿ, ಬೋರೆ ಹಣ್ಣು ತಿಂದು ಬದುಕುವ ಪ್ರಾಣಿ. ಗೆದ್ದಲನ್ನು ಹೀರಿಕೊಳ್ಳಲು ಅನುಕೂಲವಾಗಲಿ ಎಂಬಂತೆ ಅದರ ಮೇಲಿನ ಸಾಲಿನ ನಡು ಹಲ್ಲು ಎರಡು ಇರುವುದೇ ಇಲ್ಲ. ಹುತ್ತ ಅಗೆಯುವ ಉಗುರು ಮೂರು ನಾಲ್ಕು ಅಂಗುಲ. ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಬಲು ಚುರುಕು. ಹುತ್ತದೊಳಗೆ ಮೂತಿ ತೂರಿ ಬುಸುಗುಡುತ್ತ ಹೀರುವಾಗ ಮನುಷ್ಯ ಹತ್ತು ಹೆಜ್ಜೆ ದೂರಕ್ಕೆ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ತಟ್ಟನೆ ಗೊತ್ತಾದಾಗ ಓಡುವುದಕ್ಕೆ ಹೊತ್ತಿಲ್ಲ ಅನ್ನಿಸಿ ಮೇಲೆ ಬೀಳುತ್ತದೆ. ಹುಲಿಯಿದ್ದ ಕಾಡಲ್ಲಿ ಬಾಳಿದ ಜೀವ, ಬೆನ್ನ ಮೇಲೆ ಮರಿ ಹೊತ್ತು ತಿರುಗುವ ತಾಯಿ. ಎದುರಿಸಿ ನಿಲ್ಲುವುದೇ ಅದು ಕಲಿತ ಪಾಠ. ಎದ್ದು ನಿಂತು ಪರಚುವುದರಿಂದ ಏಟು ಬೀಳುವುದು ಮುಖಕ್ಕೆ. ಕಾಡಂಚಿನ ಊರುಗಳಲ್ಲಿ ಕಣ್ಣೋ ಮೂಗೋ ಕಳಕೊಂಡ ಮುದುಕರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಆದರೆ ಅರಸೀಕೆರೆಯ ಕರಡಿ ಬೇರೆ ಥರ. ಕೆಣಕದವರ ಮೇಲೂ ಅದು ನುಗ್ಗುತ್ತಿತ್ತು. ಹನ್ನೆರಡು ಜನ ಸತ್ತರು, ಎರಡು ಡಜನ್ ಜನ ಗಾಯಗೊಂಡರು. ಸತ್ತವರಲ್ಲಿ ಕೆಲವರ ಮೈಯನ್ನು ತಿಂದೂ ಇತ್ತು. ಕರಡಿಗಳಲ್ಲಿ ಇದು ಬಲು ಅಪರೂಪ. ಊರವರು ತಲೆಗೊಂದು ಕಾರಣ ಹೇಳಿದರು. ಮರಿಗಳನ್ನು ಯಾರೋ ಕದ್ದರಂತೆ, ಅದಕ್ಕೆ ಹುಚ್ಚು ಹಿಡಿದಿದೆಯಂತೆ. ಮನುಷ್ಯರ ಕೈಯಲ್ಲಿ ಹಿಂದೊಮ್ಮೆ ಗಾಯಗೊಂಡು ಬದುಕಿಕೊಂಡ ಕರಡಿ ಇರಬೇಕೆಂಬುದು ಆಂಡರ್ಸನ್‌ನ ಅಂದಾಜು.

ಆ ದಾರಿಯಲ್ಲಿ ಒಂದು ದರ್ಗಾ. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಆಲಂ ಬಕ್ಷ್. ದಾರಿಯಲ್ಲಿ ಹೋಗುವಾಗಲೆಲ್ಲ ಆಂಡರ್ಸನ್ ಅಲ್ಲಿ ನಿಂತು ಮಾತಾಡಿಸಿ ಹೋಗುವ ರೂಢಿ. ಒಂದು ರಾತ್ರಿ ಮುದುಕನ ಮಗ, ಇನ್ನೂ ಇಪ್ಪತ್ತೆರಡರ ಹುಡುಗ, ಹೊರಗೆ ಬಂದಾಗ ಅತ್ತಿ ಹಣ್ಣಿಗೆ ಬಂದಿದ್ದ ಕರಡಿ ಎದುರಾಯಿತು. ಹುಡುಗ ಉಳಿಯಲಿಲ್ಲ. ಬೆಂಗಳೂರಿಗೆ ಸುದ್ದಿ ಮುಟ್ಟಿತು. ಒಂದು ಕರಡಿ ತಾನೆ, ಒಂದು ರಾತ್ರಿಯ ಕೆಲಸ ಅಂದುಕೊಂಡು ಆಂಡರ್ಸನ್ ಹೊರಟ. ರಾತ್ರಿಯಿಡೀ ಟಾರ್ಚು ಹಿಡಿದು ಅಲೆದ. ಕರಡಿಯ ಸುಳಿವೇ ಇಲ್ಲ. ಮುದುಕನಿಗೆ ಬರಿಗೈ ತೋರಿಸಿ ವಾಪಸು ಬರಬೇಕಾಯಿತು.

ಸುಮಾರು ಒಂದು ತಿಂಗಳಾದ ಮೇಲೆ ಸಖರಾಯಪಟ್ಟಣದ ಬಳಿ ಸೌದೆ ಕಡಿಯುವ ಇಬ್ಬರ ಮೇಲೆ ಕರಡಿ ಬಿತ್ತು, ಒಬ್ಬ ಸತ್ತ. ಆಂಡರ್ಸನ್ ಮತ್ತೆ ಬಂದ. ಆತ ಅಲ್ಲಿರುವಾಗಲೇ ಒಬ್ಬ ಓಡಿಬಂದು, ದನ ಕಾಯುತ್ತಿದ್ದ ತನ್ನ ತಮ್ಮನನ್ನು ಕರಡಿ ಹಿಡಿಯಿತೆಂದು ತಿಳಿಸಿದ. ಬೆಟ್ಟ ಹತ್ತಿ ಹುಡುಕಿ, ಕತ್ತಲಾದ ಮೇಲೆ ಆ ತಮ್ಮ ಸಿಕ್ಕ. ಜೀವ ಇತ್ತು, ಎಚ್ಚರ ಇರಲಿಲ್ಲ. ಹೊತ್ತುಕೊಂಡು ಇಳಿಯುವಾಗ ಕಲ್ಲುಗಳ ನಡುವೆ ಆಂಡರ್ಸನ್‌ನ ಕಾಲು ಉಳುಕಿತು. ಮುಂದೆ ಹೋಗುವ ಹಾಗಿಲ್ಲ, ಆ ಕತ್ತಲಲ್ಲಿ ಯಾರ ಸಹಾಯವೂ ಇಲ್ಲ. ಚಳಿಯಲ್ಲಿ ಇಡೀ ರಾತ್ರಿ ಗಾಯಾಳುವಿನ ಪಕ್ಕದಲ್ಲೇ ಕೂತರು. ಬೆಳಗಾಗುವ ಹೊತ್ತಿಗೆ ಅವನ ಉಸಿರು ನಿಂತಿತ್ತು. ಬೇಟೆಯ ಪುಸ್ತಕಗಳಲ್ಲಿ ಬೇಟೆಗಾರ ಗೆಲ್ಲುವುದನ್ನೇ ಓದಿದ ನಮಗೆ ಈ ಪುಟಗಳು ಬೇರೆಯೇ ಅನ್ನಿಸುತ್ತವೆ. ಅಲ್ಲಿ ಬಂದೂಕು ಇದೆ, ಧೈರ್ಯ ಇದೆ. ಎರಡೂ ಕೆಲಸಕ್ಕೆ ಬರಲಿಲ್ಲ.

ಕಾಲು ಸರಿಹೋದ ಮೇಲೆ ಮೂರನೆಯ ಸಲ ಹೋಗಿ, ರಾತ್ರಿ ಹಣ್ಣಿನ ಮರದ ಬುಡದಲ್ಲಿ ಕಾದು ಕೂತು, ಆಂಡರ್ಸನ್ ಆ ಕರಡಿಯನ್ನು ಹೊಡೆದ. ಹೊಡೆಯದೆ ಬೇರೆ ದಾರಿ ಆಗ ಇರಲಿಲ್ಲ. ಆದರೂ ಆಲಂ ಬಕ್ಷನ ಮಗ ಬರಲಿಲ್ಲ, ದನಗಾಹಿಯೂ ಬರಲಿಲ್ಲ.

ಈಗ ಎರಡನೆಯ ಕರಡಿ. ಇದನ್ನು ಶಾಲೆಯ ಇಂಗ್ಲಿಷ್ ಪಾಠವಾಗಿ ಓದಿದವರು ನಮ್ಮಲ್ಲೂ ಇದ್ದಾರು. ಮೈಸೂರಿನ ಹತ್ತಿರ ಕಬ್ಬಿನ ಗದ್ದೆಗಳಿಂದ ಹಂದಿ ಓಡಿಸುವಾಗ ಒಂದು ಕರಡಿ ಬಿಸಿಲಿಗೆ ಏದುತ್ತ ಹೊರಗೆ ಬಂತು. ಯಾರಿಗೂ ಏನೂ ಮಾಡಿರಲಿಲ್ಲ. ಆಂಡರ್ಸನ್‌ನ ಜೊತೆಯಲ್ಲಿದ್ದವನೊಬ್ಬ ಸುಮ್ಮಸುಮ್ಮನೆ ಗುಂಡು ಹಾರಿಸಿದ. ತಾಯಿ ಬಿತ್ತು. ಅದರ ಬೆನ್ನ ಮೇಲಿದ್ದ ಮರಿ ಅಳುತ್ತ ತಾಯಿಯ ಸುತ್ತ ಓಡಾಡಿತು. ಆಂಡರ್ಸನ್ ಅಟ್ಟಿಸಿಕೊಂಡು ಹೋಗಿ ಕತ್ತು ಹಿಡಿದು, ಗೋಣಿಚೀಲಕ್ಕೆ ಹಾಕಿ ಬೆಂಗಳೂರಿಗೆ ತಂದು ಹೆಂಡತಿಗೆ ಕೊಟ್ಟ.

ಬ್ರೂನೋ ಎಂದು ಹೆಸರಿಟ್ಟರು, ಆಮೇಲೆ ಅದು ಬಾಬಾ ಆಯಿತು. ಕೊಟ್ಟದ್ದೆಲ್ಲ ತಿಂದಿತು. ಒಮ್ಮೆ ಇಲಿ ಪಾಷಾಣ ತಿಂದು ಕೈಕಾಲು ಸೆಟೆದು ಬಿತ್ತು. ಡಾಕ್ಟರು ಇಂಜೆಕ್ಷನ್ನು ಕೊಟ್ಟು ಉಳಿಸಿದರು. ಇನ್ನೊಮ್ಮೆ ಬಂಡಿಯ ಹಳೇ ಇಂಜಿನ್ ಎಣ್ಣೆ ಕುಡಿದು ಅರಗಿಸಿಕೊಂಡಿತು. ದೊಡ್ಡದಾದ ಮೇಲೆ ಮನೆಯಲ್ಲಿ ಇಡುವುದು ಸರಿಯಲ್ಲವೆಂದು ಮೈಸೂರು ಮೃಗಾಲಯಕ್ಕೆ ಕಳಿಸಿದರು. ಅಲ್ಲಿ ಬಾಬಾ ಊಟ ಬಿಟ್ಟು ಸೊರಗಿತು, ಇಲ್ಲಿ ಮನೆಯಾಕೆಯೂ ಸೊರಗಿದರು. ಮೂರು ತಿಂಗಳಾದ ಮೇಲೆ ನೋಡಲು ಹೋದರೆ, ದೂರದಿಂದಲೇ ಗುರುತು ಹಿಡಿದು ತಲೆ ಕೆಳಗೆ ಮಾಡಿ ನಿಂತು ಸಂತೋಷಪಟ್ಟಿತು. ಕೊನೆಗೆ ಅಪ್ಪಣೆ ಪಡೆದು ಮನೆಗೇ ತಂದರು. ಕಾಂಪೌಂಡಿನಲ್ಲಿ ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ದ್ವೀಪ. ಸುತ್ತ ಏಳಡಿ ಆಳದ ಒಣ ಕಂದಕ. ಬಾಬಾ ಅದರೊಳಗೆ. ಮನೆಯಾಕೆ ಹಗ್ಗ ಹಿಡಿದು ಜೀಕಿ ದಾಟಿ ಹೋಗಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು.

ಓದುವಾಗ ನಗು ಬರುತ್ತದೆ. ಆದರೆ ಎರಡು ಕತೆಗಳನ್ನೂ ಪಕ್ಕಪಕ್ಕ ಇಟ್ಟರೆ ನಗು ಅಲ್ಲೇ ನಿಲ್ಲುತ್ತದೆ. ಅರಸೀಕೆರೆಯ ಕರಡಿ ಕೆಟ್ಟದ್ದು ಏಕೆಂದು ಕೇಳಿದಾಗ ಊರವರು ಮೊದಲು ಹೇಳಿದ್ದು ಮರಿ ಕದ್ದ ಮಾತನ್ನು. ಗೋಣಿಚೀಲ ಹಿಡಿದ ಕೈಯೂ ಬಂದೂಕು ಹಿಡಿದ ಕೈಯೂ ಒಬ್ಬನದೇ. ಜೊತೆಗಾರ ಮಾಡಿದ್ದು ತಪ್ಪೆಂದು ಆತ ಬರೆದ, ಮುಚ್ಚಿಡಲಿಲ್ಲ. ಈ ಪ್ರಾಮಾಣಿಕತೆಗಾಗಿಯೇ ಆತನನ್ನು ಇಂದಿಗೂ ಓದಬೇಕು ಅನ್ನಿಸುತ್ತದೆ.

1972ರಲ್ಲಿ ವನ್ಯಜೀವಿ ರಕ್ಷಣೆಯ ಕಾಯಿದೆ ಬಂತು. 1974ರ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. 1994ರಲ್ಲಿ ದರೋಜಿಯ ಕಲ್ಲುಬೆಟ್ಟಗಳು ಕರಡಿಗಳಿಗೆಂದೇ ಮೀಸಲು ಧಾಮವಾದವು. ಹಾಗಂತ ಜಗಳ ಮುಗಿದಿಲ್ಲ. 2022ರ ಜೂನ್ ತಿಂಗಳಲ್ಲಿ ಶ್ರೀಕಾಕುಳಂ ಜಿಲ್ಲೆಯ ವಜ್ರಪುಕೊತ್ತೂರು ಸೀಮೆಯ ಗೋಡಂಬಿ ತೋಟಗಳಲ್ಲಿ ಒಂದು ಕರಡಿ ಒಬ್ಬ ರೈತನನ್ನು ಕೊಂದು ಹಲವರನ್ನು ಗಾಯಗೊಳಿಸಿತು. ಅರಿವಳಿಕೆ ಕೊಟ್ಟು ಹಿಡಿದು ವಿಶಾಖಪಟ್ಟಣದ ಮೃಗಾಲಯಕ್ಕೆ ಸಾಗಿಸುವಾಗ ಅದೂ ಸತ್ತಿತು. ಆ ರೈತನ ಮನೆಯ ದುಃಖ ಆಲಂ ಬಕ್ಷನ ದುಃಖಕ್ಕಿಂತ ಕಡಿಮೆಯದಲ್ಲ. ಕರಡಿಯನ್ನು ಪ್ರೀತಿಸಿ ಎಂದು ಪಟ್ಟಣದಲ್ಲಿ ಕೂತು ಅವರಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ಮುಂಜಾನೆ, ಮುಸ್ಸಂಜೆ ಕಾಡಂಚಿಗೆ ಒಬ್ಬೊಬ್ಬರೇ ಹೋಗದೆ, ಹೋದರೆ ನಾಲ್ಕು ಜನ ಸೇರಿ ಗಟ್ಟಿಯಾಗಿ ಮಾತಾಡಿಕೊಂಡು ಹೋಗಿ ಎಂದು ಹೇಳಬಹುದು. ಮಂದಗಣ್ಣಿನ ಪ್ರಾಣಿಗೆ ನಾವು ಬರುತ್ತಿರುವುದು ಮೊದಲೇ ತಿಳಿದರೆ, ಅದು ತನ್ನ ಪಾಡಿಗೆ ಪೊದೆ ಸೇರುತ್ತದೆ.