ಬೆಂಕಿಯ ಬಣ್ಣ ಓದಿದ ಚೆರ್ನೋವ್

ಪುಣೆಯ ಗೇರ್ ಕಾರ್ಖಾನೆಯೊಂದರಲ್ಲಿ ಉಕ್ಕನ್ನು ಕಾಯಿಸಿ ಹದ ಮಾಡುವ ವಿಭಾಗ ನನ್ನದು. ನಮ್ಮ ಈ ಕಸುಬಿನ ಹಿರಿಯರಲ್ಲಿ ರಷ್ಯಾದ ದಿಮಿತ್ರಿ ಚೆರ್ನೋವ್ ಮುಖ್ಯರು. ಪಠ್ಯಪುಸ್ತಕದಲ್ಲಿ ಅವರ ಹೆಸರು ಒಂದು ಸಾಲಿಗೆ ಮುಗಿಯುತ್ತದೆ. ಬದುಕು ಅಷ್ಟು ಚಿಕ್ಕದಲ್ಲ.

1839ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಅಪ್ಪ ಸಹಾಯಕ ವೈದ್ಯ. ತಾಂತ್ರಿಕ ಶಿಕ್ಷಣ ಮುಗಿಸಿ, ಕೆಲಕಾಲ ಟಂಕಸಾಲೆಯಲ್ಲಿ ದುಡಿದು, 1866ರಲ್ಲಿ ಒಬುಖೋವ್ ಉಕ್ಕಿನ ಕಾರ್ಖಾನೆ ಸೇರಿದರು. ಅಲ್ಲೊಂದು ದೊಡ್ಡ ತಲೆನೋವಿತ್ತು. ಒಂದೇ ರೀತಿ ತಯಾರಾದ ಫಿರಂಗಿಗಳಲ್ಲಿ ಕೆಲವು ಗಟ್ಟಿಯಾಗಿ ನಿಲ್ಲುತ್ತಿದ್ದವು, ಕೆಲವು ಪರೀಕ್ಷೆಯಲ್ಲೇ ಸಿಡಿಯುತ್ತಿದ್ದವು.

ಚೆರ್ನೋವ್ ಮುರಿದ ಚೂರುಗಳನ್ನು ನೋಡಿದರು. ಗಟ್ಟಿ ಉಕ್ಕಿನ ಒಳಮೈ ಚಿರೋಟಿ ರವೆಯಂತೆ ನುಣ್ಣಗಿತ್ತು. ಸಿಡಿದ ಉಕ್ಕಿನಲ್ಲಿ ಕಣಗಳು ದಪ್ಪಗಿದ್ದವು. ಸುತ್ತಿಗೆಯ ಪೆಟ್ಟಿಗಿಂತ ಕಾವೇ ಇದನ್ನು ನಿರ್ಧರಿಸುತ್ತದೆ ಎಂದು ಅವರಿಗೆ ಹೊಳೆಯಿತು. ಆಗ ಕುಲುಮೆಯ ತಾಪ ಅಳೆಯಲು ಸರಿಯಾದ ಉಪಕರಣವಿರಲಿಲ್ಲ. ಕಾದ ಉಕ್ಕಿನ ಬಣ್ಣವನ್ನು ಕಣ್ಣಲ್ಲೇ ಅಳೆದು, ಎರಡು ನಿರ್ಣಾಯಕ ಹಂತಗಳನ್ನು ಗುರುತಿಸಿದರು. ಮೊದಲನೆಯದನ್ನು ದಾಟದೆ ಎಷ್ಟು ಬೇಗ ತಣಿಸಿದರೂ ಉಕ್ಕು ಗಡುಸಾಗದು. ಎರಡನೆಯದನ್ನು ತಲುಪಿದಾಗ ದಪ್ಪ ಕಣ ಒಡೆದು ನುಣ್ಣಗಾಗುತ್ತದೆ. ಅದನ್ನೂ ಮೀರಿ ಕಾಯಿಸಿದರೆ ಮತ್ತೆ ದಪ್ಪವಾಗುತ್ತದೆ. 1868ರಲ್ಲಿ ಇದನ್ನು ರಷ್ಯನ್ ತಾಂತ್ರಿಕ ಸಂಘದ ಮುಂದಿಟ್ಟರು. ಮುಂದೆ ಫ್ರಾನ್ಸಿನ ಓಸ್ಮಂಡ್ ತಾಪಮಾಪಕ ಹಿಡಿದು ಈ ಹಂತಗಳನ್ನು ಖಚಿತಪಡಿಸಿದರು.

ಇಂದು ನಮ್ಮ ಮಿಶ್ರಲೋಹ ಉಕ್ಕಿನಲ್ಲಿ ಅಲ್ಯೂಮಿನಿಯಂ ನೈಟ್ರೈಡ್‌ನ ಅತಿಸೂಕ್ಷ್ಮ ಚುಕ್ಕಿಗಳು ಕಣಗಳಿಗೆ ಬೇಲಿ ಹಾಕಿ ಬೆಳೆಯದಂತೆ ತಡೆಯುತ್ತವೆ. 930 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸುವಾಗ ಈ ಬೇಲಿ ಮುಖ್ಯ. ಚುಕ್ಕಿಗಳು ಎಲ್ಲೆಡೆ ಸಮನಾಗಿ ಹರಡಿರದಿದ್ದರೆ, ಅಥವಾ ಕುಲುಮೆಯ ಒಂದು ಮೂಲೆ ಹೆಚ್ಚು ಕಾದು ಚುಕ್ಕಿಗಳು ಕರಗಿದರೆ, ಅಲ್ಲಿನ ಬೇಲಿ ಬೀಳುತ್ತದೆ. ಕೆಲವು ಕಣಗಳು ನೆರೆಯ ಕಣಗಳನ್ನು ನುಂಗಿ ದೈತ್ಯವಾಗುತ್ತವೆ. ತಣ್ಣಗಿದ್ದಾಗ ಉಕ್ಕನ್ನು ಅಸಮವಾಗಿ ಒತ್ತಿ ರೂಪಿಸಿದ್ದರೂ ಹೀಗಾಗಬಹುದು. ಅಂಥ ಗೇರ್ ತಣಿಸುವಾಗ ಸೊಟ್ಟಗಾಗುತ್ತದೆ; ಘಾಟಿ ಹತ್ತುವ ಲಾರಿಯಲ್ಲಿ ಹಲ್ಲು ಮುರಿದರೆ ಚಾಲಕನ ಜೀವಕ್ಕೇ ಸಂಚಕಾರ.

1880ರಲ್ಲಿ ಚೆರ್ನೋವ್ ಕಾರ್ಖಾನೆ ಬಿಟ್ಟು, ಬಖ್ಮುತ್ ಸೀಮೆಯಲ್ಲಿ ಕಲ್ಲುಪ್ಪಿನ ನಿಕ್ಷೇಪ ಹುಡುಕಿದರು. ನಾಲ್ಕು ವರ್ಷಗಳ ನಂತರ ಊರಿಗೆ ಮರಳಿ, 1889ರಿಂದ ಮಿಖೈಲೋವ್ಸ್ಕಿ ಫಿರಂಗಿದಳ ಅಕಾಡೆಮಿಯಲ್ಲಿ ಪಾಠ ಹೇಳಿದರು. ನೂರು ಟನ್ನಿನ ಉಕ್ಕಿನ ಗಟ್ಟಿಯೊಳಗೆ ಸಿಕ್ಕ, ಮರದಂತೆ ಕವಲೊಡೆದ 39 ಸೆಂ.ಮೀ. ಹರಳು ಅವರ ಹೆಸರಲ್ಲೇ ಪ್ರಸಿದ್ಧ. ಬಿಡುವಿನಲ್ಲಿ ಪಿಟೀಲು ತಯಾರಿಸುತ್ತಿದ್ದರು. 1921ರ ಜನವರಿಯಲ್ಲಿ ಯಾಲ್ಟಾದಲ್ಲಿ ತೀರಿಕೊಂಡರು.

ನಮ್ಮ ಕುಲುಮೆಗೆ ಈಗ ಕಂಪ್ಯೂಟರ್ ಬಂದಿದೆ. ಆದರೂ ಹೊಸ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಪರದೆಯ ಮೇಲಿನ ಅಂಕಿ ಕುಲುಮೆಯ ಒಂದು ಜಾಗದ್ದು, ಮುರಿದ ಚೂರನ್ನೂ ಕೈಗೆತ್ತಿಕೊಂಡು ನೋಡಿ.