ಪೂಜೆಯ ಕಟ್ಟನ್ನು ಬಿಚ್ಚಿ ಓದಿದ ಮಹನೀಯರು: ಫ.ಗು. ಹಳಕಟ್ಟಿಯವರ ಜೀವನ



ಇಂದು ನಮ್ಮ ಮನೆಗಳಲ್ಲಿ ಮಕ್ಕಳು ವಚನಗಳನ್ನು ಬಾಯಿಪಾಠ ಮಾಡುತ್ತಾರೆ. ಶಾಲೆಯ ಪಠ್ಯದಲ್ಲಿ ವಚನಗಳಿವೆ, ಮಠದ ಪ್ರವಚನದಲ್ಲಿ ವಚನಗಳಿವೆ, ಮದುವೆಯ ಆಮಂತ್ರಣ ಪತ್ರಿಕೆಯ ಮೇಲೂ ವಚನದ ಸಾಲುಗಳಿರುತ್ತವೆ. 12ನೆಯ ಶತಮಾನದ ಕಲ್ಯಾಣದಿಂದ ಈ ನುಡಿಗಳು ಎಲ್ಲಿಯೂ ಕಡಿಯದೆ ನಮ್ಮವರೆಗೆ ಹರಿದುಬಂದಿವೆಯೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ನೂರಿಪ್ಪತ್ತು ವರ್ಷಗಳ ಹಿಂದಿನ ಸ್ಥಿತಿ ಹೀಗಿರಲಿಲ್ಲ. ಅಂದು ವಚನಗಳು ನಮ್ಮ ಮನೆಗಳಲ್ಲಿಯೇ ಇದ್ದವು. ಅವುಗಳಲ್ಲಿ ಏನಿದೆಯೆಂಬುದು ಮಾತ್ರ ಮನೆಯವರಿಗೆ ತಿಳಿದಿರಲಿಲ್ಲ. ಇದ್ದುದನ್ನು ಇದ್ದಲ್ಲಿಯೇ ಬೇರೆ ಕಣ್ಣಿನಿಂದ ನೋಡಿದ ಒಬ್ಬ ವಕೀಲರ ಜೀವನವನ್ನು ಈ ಲೇಖನದಲ್ಲಿ ಸ್ಮರಿಸುತ್ತಿದ್ದೇವೆ. ಅವರೇ ವಚನ ಪಿತಾಮಹರೆಂದು ನಾಡು ಗೌರವಿಸುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು ಜನಿಸಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು ಮತ್ತು ಲೇಖಕರು. ಇತಿಹಾಸವನ್ನೂ ಸತ್ಪುರುಷರ ಚರಿತ್ರೆಗಳನ್ನೂ ಕನ್ನಡದಲ್ಲಿ ಬರೆದವರು. ತಾಯಿ ದಾನಮ್ಮನವರು ಮಗ ಚಿಕ್ಕವನಿದ್ದಾಗಲೇ ಲಿಂಗೈಕ್ಯರಾದರು. ಪುಸ್ತಕಗಳ ನಡುವೆ, ತಂದೆಯ ಬರವಣಿಗೆಯನ್ನು ನೋಡುತ್ತ ಬೆಳೆದ ಬಾಲಕನಿಗೆ ಕನ್ನಡದ ಮೇಲಿನ ಪ್ರೀತಿ ಮನೆಯಲ್ಲಿಯೇ ದೊರೆಯಿತು. ಧಾರವಾಡದಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಅವರು ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ತೆರಳಿದರು.

ಆ ಕಾಲದಲ್ಲಿ ಉತ್ತರ ಕರ್ನಾಟಕದ ಬಹುಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ, ನ್ಯಾಯಾಲಯ, ವಿದ್ಯಾಲಯಗಳಲ್ಲಿ ಕನ್ನಡಕ್ಕೆ ಹಿಂದಿನ ಸಾಲಿನ ಸ್ಥಾನ. ಮುಂಬಯಿಯಲ್ಲಿ ಗುಜರಾತಿ ಮತ್ತು ಮರಾಠಿ ಬಾಂಧವರು ತಮ್ಮ ಭಾಷೆ, ತಮ್ಮ ಸಂತರು, ತಮ್ಮ ಗ್ರಂಥಗಳ ಬಗೆಗೆ ತಳೆದಿದ್ದ ಅಭಿಮಾನವನ್ನು ತರುಣ ಹಳಕಟ್ಟಿಯವರು ಹತ್ತಿರದಿಂದ ಕಂಡರು. ನೆರೆಯವರು ತಮ್ಮ ಸಂತರ ವಾಣಿಯನ್ನು ಅಚ್ಚು ಮಾಡಿ ಮನೆಮನೆಗೆ ಮುಟ್ಟಿಸುತ್ತಿರುವಾಗ, ಕನ್ನಡಿಗರ ಬಳಿ ಅಂತಹುದು ಏನಿದೆ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ನೆಲೆಸಿತು. ಉತ್ತರವು ತಮ್ಮ ಸೀಮೆಯ ಜಗುಲಿಗಳ ಮೇಲೆಯೇ ಕುಳಿತಿದೆಯೆಂಬುದು ಅವರಿಗೂ ಆಗ ತಿಳಿದಿರಲಿಲ್ಲ.

1904ರಲ್ಲಿ ಕಾನೂನು ಪದವಿಯನ್ನು ಪಡೆದು ಊರಿನ ಕಡೆಗೆ ಮರಳಿದ ಅವರು ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಬಳಿಕ ವಿಜಯಪುರದಲ್ಲಿ ನೆಲೆಸಿದರು. ಮುಂದೆ ಅಲ್ಲಿ ಸರಕಾರಿ ವಕೀಲರೂ ಆದರು. ಸಂಪಾದನೆಯೂ ಸಾಮಾಜಿಕ ಸ್ಥಾನಮಾನವೂ ಅವರ ಕೈಗೆ ಎಟುಕುವಂತಿದ್ದವು. ಆದರೆ ಇದೇ ಆರಂಭದ ವರ್ಷಗಳಲ್ಲಿ ರಬಕವಿಯ ಮಂಚಾಲೆ ಮನೆತನದವರ ಮನೆಯಲ್ಲಿ ಅವರು ಕಂಡ ತಾಡೋಲೆಯ ಕಟ್ಟುಗಳು ಅವರ ಬಾಳಿನ ದಾರಿಯನ್ನೇ ತಿರುಗಿಸಿದವು.

ಈ ತಾಡೋಲೆಯ ಕಟ್ಟುಗಳು ಅಂದಿನ ಸಮಾಜದಲ್ಲಿ ಹೇಗಿದ್ದವು ಎಂಬುದನ್ನು ನಾವು ಅರಿಯಬೇಕು. ಹಿರಿಯರು ಯಾವುದೋ ಕಾಲದಲ್ಲಿ ಪ್ರತಿ ಮಾಡಿಸಿದ ಓಲೆಗರಿಗಳು ತಲೆಮಾರಿನಿಂದ ತಲೆಮಾರಿಗೆ ಬಂದಿದ್ದವು. ಅವುಗಳನ್ನು ವಸ್ತ್ರದಲ್ಲಿ ಸುತ್ತಿ ದೇವರ ಜಗುಲಿಯ ಮೇಲೆ ಇಡುತ್ತಿದ್ದರು. ವಿಭೂತಿ ಹಚ್ಚಿ, ಪತ್ರೆ ಹೂಗಳನ್ನೇರಿಸಿ ಪೂಜಿಸುತ್ತಿದ್ದರು. ಕಟ್ಟನ್ನು ಬಿಚ್ಚುವುದಾಗಲಿ, ಹೊರಗಿನವರ ಕೈಗೆ ಕೊಡುವುದಾಗಲಿ ಅನೇಕರಿಗೆ ಅಪಚಾರವೆನಿಸುತ್ತಿತ್ತು. ಭಕ್ತಿಗೆ ಕೊರತೆಯೇನೂ ಇರಲಿಲ್ಲ. ಆದರೆ ಆ ಭಕ್ತಿಯ ನೆರಳಿನಲ್ಲಿಯೇ ಗೆದ್ದಲು ಮತ್ತು ನುಸಿ ತಮ್ಮ ಕೆಲಸವನ್ನು ನಡೆಸಿದ್ದವು. ಹೊಗೆ, ತೇವ, ಕಾಲದ ಏರುಪೇರುಗಳಿಗೆ ಸಿಕ್ಕ ಗರಿಗಳು ಮುಟ್ಟಿದರೆ ಮುರಿಯುವಂತಾಗಿದ್ದವು. ಒಂದೊಂದು ಗರಿ ಉದುರಿದಾಗಲೂ ಯಾವುದೋ ಒಬ್ಬ ಶರಣನ, ಯಾವುದೋ ಒಬ್ಬ ಶರಣೆಯ ಮಾತು ಲೋಕದಿಂದ ಶಾಶ್ವತವಾಗಿ ಮರೆಯಾಗುತ್ತಿತ್ತು.

ಹಳಕಟ್ಟಿಯವರ ನೋಟ ಬದಲಾದುದು ಇಲ್ಲಿಯೇ. ಮನೆಯವರು ಪೂಜೆಯ ವಸ್ತುವಾಗಿ ಕಂಡ ಕಟ್ಟನ್ನು ಅವರು ಓದಬೇಕಾದ ಗ್ರಂಥವೆಂದು ಕಂಡರು. ಹೇಳಲು ಇದು ಎಷ್ಟು ಸಣ್ಣ ಮಾತು! ಹೊಸ ಓಲೆ ಹುಟ್ಟಲಿಲ್ಲ, ಹೊಸ ಅಕ್ಷರ ಮೂಡಲಿಲ್ಲ, ಭಕ್ತಿಯೂ ಕಡಿಮೆಯಾಗಲಿಲ್ಲ. ಕೈಮುಗಿದ ಕೈಗಳೇ ಗಂಟನ್ನು ಬಿಚ್ಚಿದವು. ಆ ಗಂಟು ಬಿಚ್ಚಿದ ಮೇಲೆ ಏಳು ಶತಮಾನಗಳ ಹಿಂದಿನ ಸಮಾಜವೊಂದು ತನ್ನ ದನಿಯಲ್ಲಿ ಮಾತಾಡತೊಡಗಿತು. ಅಲ್ಲಿ ಬಸವಣ್ಣ, ಅಲ್ಲಮಪ್ರಭು, ಚೆನ್ನಬಸವಣ್ಣ, ಅಕ್ಕಮಹಾದೇವಿಯರಷ್ಟೇ ಇರಲಿಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಮಡಿ ಮಾಡುವ ಮಾಚಿದೇವ, ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು, ಹೀಗೆ ದುಡಿಮೆಯ ಜನರ ಸಾಲೇ ಇತ್ತು.

ನೋಟ ಬದಲಾದ ಮಾತ್ರಕ್ಕೆ ಕೆಲಸವು ಸುಲಭವಾಗಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಹಳಕಟ್ಟಿಯವರು ಹಳ್ಳಿಯಿಂದ ಹಳ್ಳಿಗೆ, ಮಠದಿಂದ ಮಠಕ್ಕೆ ಅಲೆದರು. ಓಲೆಗಳನ್ನು ಕೊಡಲೊಪ್ಪದವರ ಮನವೊಲಿಸಬೇಕಾಯಿತು. ದೊರೆತ ಕಟ್ಟುಗಳನ್ನು ಓದುವುದೂ ಕಷ್ಟ: ಓಲೆಯ ಬರಹದಲ್ಲಿ ಪದಗಳ ನಡುವೆ ಬಿಡುವಿಲ್ಲ, ಲಿಪಿಕಾರರ ಕೈತಪ್ಪುಗಳಿವೆ, ಒಂದೇ ವಚನವು ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆ ರೂಪದಲ್ಲಿದೆ. ಇಲ್ಲಿ ಅವರ ವಕೀಲಿಯ ಅಭ್ಯಾಸವು ಉಪಯೋಗಕ್ಕೆ ಬಂದಿರಬೇಕೆಂದು ನಮಗೆ ತೋರುತ್ತದೆ. ಸಾಕ್ಷಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ ನಿಜವಾವುದೆಂದು ನಿರ್ಣಯಿಸುವುದು ನ್ಯಾಯಾಲಯದಲ್ಲಿ ಅವರ ನಿತ್ಯದ ಕಾಯಕವಾಗಿತ್ತು. ಅದೇ ಕ್ರಮವನ್ನು ಅವರು ಓಲೆಗರಿಗಳ ಮುಂದೆಯೂ ನಡೆಸಿದರು.

ಹೀಗೆ ವರ್ಷಗಟ್ಟಲೆ ಸಂಗ್ರಹಿಸಿ ಪರಿಶೋಧಿಸಿದ ವಚನಗಳನ್ನು ಅಚ್ಚು ಹಾಕಿಸಲು ಹೊರಟಾಗ ಮತ್ತೊಂದು ಅಡ್ಡಿ ಎದುರಾಯಿತು. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತು. ಅವರು ಎದೆಗುಂದಲಿಲ್ಲ. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಕು ಕಂಡಿತು. ಅದಕ್ಕೂ ಮುನ್ನ 1922ರಲ್ಲಿಯೇ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಅವರು ಇಂಡಿಯನ್ ಆಂಟಿಕ್ವರಿ ಎಂಬ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ಆ ಗ್ರಂಥದ ಹೆಸರಿನಲ್ಲಿಯೂ ನೋಟದ ಬದಲಾವಣೆಯೊಂದು ಅಡಗಿದೆ. ಶಾಸ್ತ್ರವೆಂದರೆ ಸಂಸ್ಕೃತದಲ್ಲಿರುವುದು, ಪಂಡಿತರಿಗೆ ಮೀಸಲಾದುದು ಎಂಬ ಭಾವನೆ ಬೇರೂರಿದ್ದ ಕಾಲವದು. ಆಡುಗನ್ನಡದಲ್ಲಿ, ಅಂಬಿಗನೂ ಮಡಿವಾಳನೂ ನುಡಿದ ಮಾತುಗಳನ್ನು ಹಳಕಟ್ಟಿಯವರು ಶಾಸ್ತ್ರವೆಂದು ಕರೆದರು. ಬಿಡಿಬಿಡಿಯಾದ ಭಕ್ತಿಯ ಉದ್ಗಾರಗಳೆಂದು ತೋರುತ್ತಿದ್ದ ವಚನಗಳನ್ನು ವಿಷಯಕ್ಕನುಗುಣವಾಗಿ ಜೋಡಿಸಿ, ಅವುಗಳ ಹಿಂದೆ ಒಂದು ಸುಸಂಬದ್ಧವಾದ ತತ್ತ್ವವಿದೆ, ಬಾಳುವ ಕ್ರಮವಿದೆ ಎಂಬುದನ್ನು ಕಾಣಿಸಿದರು. ಇವು ನಮ್ಮ ಸಮಾಜದ ಜನ ತಮ್ಮನ್ನು ತಾವು ಕಾಣುವ ರೀತಿಯನ್ನೂ ಬದಲಿಸಿದವು. ನಮಗೂ ಒಂದು ಸಾಹಿತ್ಯವಿದೆ, ಅದನ್ನು ನಮ್ಮ ಭಾಷೆಯಲ್ಲಿಯೇ ಓದಿ ತಿಳಿಯಬಹುದು ಎಂಬ ಆತ್ಮವಿಶ್ವಾಸವು ಅಕ್ಷರ ಬಲ್ಲ ಸಾಮಾನ್ಯ ಭಕ್ತನಲ್ಲಿಯೂ ಮೂಡಿತು.

ಪರರ ಮುದ್ರಣಾಲಯಗಳನ್ನು ನೆಚ್ಚಿಕೊಂಡರೆ ಈ ಕಾರ್ಯ ಸಾಗದೆಂದು ಅರಿತ ಅವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಇದಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಹೊರಡಿಸಿದರು. ಶಿವಾನುಭವವು ದಶಕಗಳ ಕಾಲ ವಚನಗಳನ್ನು, ಶರಣರ ಚರಿತ್ರೆಗಳನ್ನು, ಹರಿಹರನ ರಗಳೆಗಳಂತಹ ಪ್ರಾಚೀನ ಕೃತಿಗಳನ್ನು ಓದುಗರಿಗೆ ತಲುಪಿಸಿತು. ಅಲ್ಲಮಪ್ರಭುದೇವರನ್ನು ಕೇಂದ್ರವಾಗಿಟ್ಟ ಮಹಾಕೃತಿಯಾದ ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ಅವರು 1930ರಲ್ಲಿ ಪ್ರಕಟಿಸಿದರು. ಅವರು ಈ ಕಾರ್ಯಕ್ಕೆ ಕೈಹಾಕುವ ಮೊದಲು ಹೆಸರು ತಿಳಿದಿದ್ದ ವಚನಕಾರರ ಸಂಖ್ಯೆ ಬಹಳ ಕಡಿಮೆ. ಅವರ ಶ್ರಮದಿಂದ ಆ ಸಂಖ್ಯೆ 250ನ್ನು ಮೀರಿತು.

ಗಳಿಸಿದ್ದು ಅಚ್ಚಿನ ಮೊಳೆಗಳಿಗೆ, ಕಾಗದಕ್ಕೆ, ಅಂಚೆಗೆ ವ್ಯಯವಾಯಿತು. ಸರಕಾರಿ ವಕೀಲರಾಗಿದ್ದವರು ಬಾಡಿಗೆಯ ಮನೆಯಲ್ಲಿ ಬಾಳಿದರು, ಸೈಕಲ್ ತುಳಿಯುತ್ತ ವಿಜಯಪುರದ ಬೀದಿಗಳಲ್ಲಿ ಓಡಾಡಿದರು. ಲೋಕದ ಕಣ್ಣಿಗೆ ಇದು ನಷ್ಟ. ಆದರೆ ಅವರು ಲಾಭನಷ್ಟದ ಲೆಕ್ಕವನ್ನೂ ಬೇರೆ ರೀತಿಯಲ್ಲಿಯೇ ಬರೆದುಕೊಂಡಿದ್ದರು. ಉಳಿದ ಒಂದೊಂದು ವಚನವೂ ಅವರ ಜಮೆಯ ಅಂಕಣಕ್ಕೆ ಸೇರುತ್ತಿತ್ತು. ಕಾಯಕವೆಂಬ ಮಾತನ್ನು ಓಲೆಯಲ್ಲಿ ಓದಿದವರು ಅದನ್ನು ತಮ್ಮ ಬದುಕಿನಲ್ಲಿಯೂ ನಡೆಸಿ ತೋರಿದರು.

ಈ ನೋಟವು ಗ್ರಂಥಗಳಿಗಷ್ಟೇ ಸೀಮಿತವಾಗಿರಲಿಲ್ಲ. ವಿಜಯಪುರದ ಸೀಮೆ ಬರಗಾಲಕ್ಕೆ ಹೆಸರಾದುದು. ಬಡತನ ಮತ್ತು ಅನಕ್ಷರತೆಗಳನ್ನು ಹಣೆಬರಹವೆಂದು ಜನ ಒಪ್ಪಿಕೊಂಡಿದ್ದರು. ಹಳಕಟ್ಟಿಯವರು ಅವುಗಳನ್ನು ಒಗ್ಗಟ್ಟಿನಿಂದ ನೀಗಬಹುದಾದ ಕೊರತೆಗಳೆಂದು ಕಂಡರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯು ಅವರ ಮುಂದಾಳುತನದಲ್ಲಿ ಹುಟ್ಟಿ ಹಳ್ಳಿಯ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆಯಿತು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಆರಂಭವಾಯಿತು. ಒಬ್ಬೊಬ್ಬರ ಕೈಯಲ್ಲಿದ್ದಾಗ ಅಲ್ಪವೆನಿಸುವ ಹಣವು ಹಲವರು ಕೂಡಿದಾಗ ಬಂಡವಾಳವಾಗುತ್ತದೆಂಬುದನ್ನು ಸಹಕಾರ ತತ್ತ್ವದಿಂದ ಅವರು ತೋರಿಸಿಕೊಟ್ಟರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು.

ನಾಡು ಅವರನ್ನು ಗುರುತಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಸ್ಥಾನವು ಅವರಿಗೆ ದೊರೆಯಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಗೋಳಗುಮ್ಮಟದ ಊರಿನಲ್ಲಿ ನೆಲೆಸಿದ ಅವರನ್ನು ಜನ ವಚನ ಗುಮ್ಮಟವೆಂದು ಪ್ರೀತಿಯಿಂದ ಕರೆದರು. ಗುಮ್ಮಟದೊಳಗೆ ಒಮ್ಮೆ ನುಡಿದ ಮಾತು ಮತ್ತೆ ಮತ್ತೆ ಕೇಳಿಬರುವಂತೆ, ಅವರ ಮೂಲಕ ಶರಣರ ನುಡಿಯು ನಾಡಿನ ತುಂಬ ಮಾರ್ದನಿಗೊಂಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರು ಹಾಕಿದ ದಾರಿಯಲ್ಲಿ ಉತ್ತಂಗಿ ಚನ್ನಪ್ಪನವರು, ಶಿ.ಶಿ. ಬಸವನಾಳರು ಮುಂತಾದ ವಿದ್ವಾಂಸರು ನಡೆದರು. 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅವರ ಜನ್ಮದಿನವಾದ ಜುಲೈ 2ನ್ನು ನಾಡು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತಿದೆ.

ಬಂಧುಗಳೇ, ಹಳಕಟ್ಟಿಯವರು ಮಾಡಿದುದನ್ನು ಸರಿಯಾಗಿ ಅರಿಯಬೇಕು. ಅವರು ಪೂಜೆಯನ್ನು ಖಂಡಿಸಿ ಹೊರಟವರಲ್ಲ. ಓಲೆಯನ್ನು ಶತಮಾನಗಳ ಕಾಲ ಕಾಪಾಡಿದ್ದು ಆ ಭಕ್ತರ ಪೂಜೆಯೇ. ಜಗುಲಿಯ ಮೇಲಿನ ಆ ಸ್ಥಾನವಿಲ್ಲದಿದ್ದರೆ ಅವರ ಕೈಗೆ ಏನೂ ದೊರೆಯುತ್ತಿರಲಿಲ್ಲ. ಪೂಜೆಗೆ ಅವರು ಓದನ್ನು ಸೇರಿಸಿದರು. ಕಾಪಾಡುವ ಭಕ್ತಿಯ ಜೊತೆಗೆ ಅರಿಯುವ ಭಕ್ತಿಯೂ ಕೂಡಿದಾಗ, ಅಳಿದೇಹೋಗಲಿದ್ದ ಒಂದು ಪರಂಪರೆಯು ಮತ್ತೆ ಜೀವ ತಳೆಯಿತು.

ಇಂದು ಓಲೆಗರಿಗಳ ಸ್ಥಾನದಲ್ಲಿ ಅಚ್ಚಾದ ಸಂಪುಟಗಳಿವೆ. ಸಮಾರಂಭಗಳಲ್ಲಿ ಅವುಗಳನ್ನು ಕಾಣಿಕೆಯಾಗಿ ಕೊಡುತ್ತೇವೆ, ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ಸಾಗುತ್ತೇವೆ, ಬಳಿಕ ಮನೆಯ ಕಪಾಟಿನಲ್ಲಿ ಇರಿಸುತ್ತೇವೆ. ಗಾಜಿನ ಬಾಗಿಲಿನ ಹಿಂದೆ ತೆರೆಯದೆ ಉಳಿದ ಸಂಪುಟಕ್ಕೂ ವಸ್ತ್ರದೊಳಗೆ ಬಿಚ್ಚದೆ ಉಳಿದ ಕಟ್ಟಿಗೂ ಹೆಚ್ಚಿನ ಅಂತರವಿಲ್ಲ. ದಿನಕ್ಕೆ ಒಂದೇ ಒಂದು ವಚನವನ್ನು ಮನೆಯವರೆಲ್ಲ ಕೂಡಿ ಓದಿ, ಅದರ ಅರ್ಥವನ್ನು ಮಕ್ಕಳೊಡನೆ ವಿಚಾರ ಮಾಡಿದರೆ ಸಾಕು. ಅದಕ್ಕೆ ಹತ್ತು ನಿಮಿಷವೂ ಬೇಡ. ಯಾರ ಮನೆಯಲ್ಲಾದರೂ ಇಂದಿಗೂ ಹಳೆಯ ಓಲೆಯ ಕಟ್ಟುಗಳೋ ಕೈಬರಹದ ಪ್ರತಿಗಳೋ ಇದ್ದರೆ, ಬಲ್ಲವರಿಗೆ ತೋರಿಸಿ ಅವುಗಳಲ್ಲಿ ಏನಿದೆಯೆಂದು ಓದಿಸಿ ತಿಳಿಯಿರಿ. ಹಳಕಟ್ಟಿಯವರು ತಮ್ಮ ಮನೆಯನ್ನು ಮಾರಿ ನಮ್ಮ ಮನೆಗಳಿಗೆ ಮುಟ್ಟಿಸಿದ ನುಡಿಗಳಿವು. ಅವುಗಳನ್ನು ತೆರೆದು ಓದುವುದೇ ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸಬಹುದಾದ ಶರಣಾರ್ಥಿ.